ಬಣ್ಣ ಹಿಡಿಯದ ಬಾಗಿಲು

ಬಚ್ಚಲಿನ ಬಾಗಿಲಿಗೆ ಹಚ್ಚಿದ ಬಣ್ಣ ಮೊದಲು ಗುಳ್ಳೆ ಎದ್ದಿತು. ಬಿಸಿನೀರಿನ ಹಬೆ ನೇರವಾಗಿ ಬಡಿಯುವ ಕಡೆ, ಚಿಲಕದ ಕೆಳಗೆ, ಹೆಸರುಕಾಳಿನಷ್ಟು ನಾಲ್ಕು ಗುಳ್ಳೆ. ಒಂದನ್ನು ಉಗುರಿನಿಂದ ಕೆದರಿದರೆ ಗೇಣುದ್ದದ ಪಟ್ಟಿ ಸಲೀಸಾಗಿ ಎದ್ದು ಬಂತು, ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ. ಕೆಳಗಿನ ಅಲ್ಯುಮಿನಿಯಂ ಮೊದಲಿನಂತೆಯೇ ಬೂದು ಬಣ್ಣಕ್ಕಿತ್ತು. ಅದರ ಮೇಲೆ ಬಣ್ಣ ಕೂತಿತ್ತು ಎನ್ನುವುದಕ್ಕೆ ಒಂದು ಚುಕ್ಕೆ ಗುರುತೂ ಇರಲಿಲ್ಲ. 2022ರ ದೀಪಾವಳಿ ಮುಗಿದು ಆಗಿನ್ನೂ ಎರಡು ವಾರ.

ಬಣ್ಣ ಹಚ್ಚಿದವನು ಬಾಕಿ ಹಣಕ್ಕೆ ಬಂದಾಗ ಅವರು ಆತನನ್ನು ನೇರ ಬಚ್ಚಲಿನ ಬಾಗಿಲ ಮುಂದೆ ನಿಲ್ಲಿಸಿದರು. ಕಿತ್ತ ಪಟ್ಟಿಯನ್ನು ಕೈಗೆ ಕೊಟ್ಟು, "ಇದಕ್ಕೂ ರೊಕ್ಕ ಕೊಡಬೇಕೇನಪಾ?" ಎಂದರು. ಆತ ಪಟ್ಟಿಯನ್ನು ಬೆರಳಲ್ಲಿ ತಿರುವಿ ನೋಡಿದ. "ನಾ ಅವತ್ತೇ ಹೇಳಿದ್ನೆಲ್ರಿ ಅಕ್ಕಾರ" ಎಂದು ಏನೋ ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿ, "ಇರ್ಲಿ ಬಿಡ್ರಿ" ಎಂದು ಮೆಟ್ಟಿಲಿಳಿದು ಹೋದ. ಒಟ್ಟು ಕೆಲಸಕ್ಕೆ ಮಾತಾಗಿದ್ದು 6,000 ರೂಪಾಯಿ, ಕೊಟ್ಟಿದ್ದು 4,500. ಉಳಿದ 1,500 ಅವರ ಪರ್ಸಿನಲ್ಲೇ ಉಳಿಯಿತು. ನ್ಯಾಯವಾಗಿಯೇ ನಡೆದುಕೊಂಡೆ ಎಂದು ಅವರಿಗೆ ಅನಿಸಿತ್ತು. ಹಾಗೆ ಅನಿಸದಿದ್ದರೆ ಅಂದು ರಾತ್ರಿ ಧಾರವಾಡದ ತಂಗಿಗೆ ಫೋನು ಮಾಡಿ ಅಷ್ಟು ಉದ್ದ ಹೇಳುತ್ತಿರಲಿಲ್ಲ.

ಮನೆ ಇರುವುದು ಪುಣೆಯ ಕರ್ವೇನಗರದಲ್ಲಿ, ಮೂರನೆಯ ಮಹಡಿ. 1991ರಲ್ಲಿ ಎದ್ದ ಸೊಸೈಟಿ. ಅವರು ಧಾರವಾಡದಿಂದ ಮದುವೆಯಾಗಿ ಈ ಊರಿಗೆ ಬಂದವರು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನೆಗೆ ಮೊದಲು ಇದ್ದದ್ದು ಪ್ಲೈವುಡ್ಡಿನ ಬಾಗಿಲುಗಳು. ಬಚ್ಚಲಿನವು ಹತ್ತು ವರ್ಷದಲ್ಲಿ ಬುಡದಿಂದ ಕೊಳೆತು, ಕೆಳಗಿನ ಅಂಚು ಒದ್ದೆ ರೊಟ್ಟಿಯಂತೆ ಬಿರಿದುಕೊಂಡವು. ಆಗ ಬಡಿಗ ಹೇಳಿದ್ದು ಅಲ್ಯುಮಿನಿಯಂ. ಕೊಳೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಬಣ್ಣವೂ ಬೇಕಿಲ್ಲ. ಎರಡು ಬಚ್ಚಲಿಗೆ, ಒಂದು ಹಿಂದಿನ ಬಾಲ್ಕನಿಗೆ, ಒಟ್ಟು ಮೂರು ಬಾಗಿಲು. ಕಾರ್ಖಾನೆಯಿಂದ ಬಂದ ಮೈಯಲ್ಲೇ, ಮೇಲೆ ಏನೂ ಹಚ್ಚದೆ ಕೂಡಿಸಿದರು. ಪುಣೆಯ ಹಳೆಯ ಸೊಸೈಟಿಗಳ ಮನೆಗಳಲ್ಲಿ ಇಂಥ ಬಾಗಿಲು ಸಿಕ್ಕೀತು.

ಬಡಿಗ ಹೇಳಿದ್ದು ಸುಳ್ಳಲ್ಲ. ಆದರೆ ಆತ ಬಚ್ಚಲು ತೊಳೆಯುವವರ ಲೆಕ್ಕ ಹಿಡಿದಿರಲಿಲ್ಲ. ಬೋರಿನ ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಕಲೆ. ಫರಸಿಗೆ ಹಾಕುವ ಆಸಿಡ್ ಸಿಡಿದಲ್ಲಿ ಸಣ್ಣ ಸಣ್ಣ ಗುಳಿ. ಕೆಲಸದಾಕೆ ಒಮ್ಮೆ ವಾಷಿಂಗ್ ಸೋಡಾ ಕಲಸಿ ಉಜ್ಜಿದಳು, ಬಾಗಿಲು ಕಪ್ಪಿಟ್ಟಿತು. ಅಲ್ಯುಮಿನಿಯಂ ವಿಚಿತ್ರ ಸ್ವಭಾವದ ಲೋಹ: ಆಮ್ಲಕ್ಕೂ ಆಗುವುದಿಲ್ಲ, ಕ್ಷಾರಕ್ಕೂ ಆಗುವುದಿಲ್ಲ, ಎರಡರಲ್ಲೂ ಕರಗುತ್ತದೆ. ಧಾರವಾಡದಿಂದ ಪುಣೆಗೆ ಬರುವ ಬಸ್ಸು ಬೆಳಗಾವಿ ದಾಟುವಾಗ ಯಮನಾಪುರದ ಬಳಿ ಹೆದ್ದಾರಿಯ ಮಗ್ಗಲಿಗೆ ಕಾಣುವ ಕಾರ್ಖಾನೆ ಈ ಸ್ವಭಾವದ ಮೇಲೆಯೇ ನಿಂತಿದೆ. ಬಾಕ್ಸೈಟ್ ಕಲ್ಲನ್ನು ಪುಡಿ ಮಾಡಿ ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಅಲ್ಯುಮಿನಾ ಕರಗುತ್ತದೆ, ಕಬ್ಬಿಣದ ಅಂಶ ಕೆಂಪು ಕೆಸರಾಗಿ ಉಳಿಯುತ್ತದೆ. ಕಲ್ಲಿನಿಂದ ಆ ಲೋಹವನ್ನು ಬಿಡಿಸುವ ಕೆಲಸಕ್ಕೆ ಬರುವ ಗುಣವೇ ಬಚ್ಚಲಿನಲ್ಲಿ ಬಾಗಿಲನ್ನು ಕೆಡಿಸುವ ಗುಣ. ಅವರು ಆ ದಾರಿಯಲ್ಲಿ ನೂರು ಸಲವಾದರೂ ಓಡಾಡಿದ್ದಾರೆ. ಕಿಟಕಿಯಾಚೆ ಕಂಡದ್ದಕ್ಕೂ ಮನೆಯ ಬಾಗಿಲಿಗೂ ಸಂಬಂಧವಿದ್ದೀತೆಂದು ಯಾರಿಗೆ ತಾನೇ ಹೊಳೆಯುತ್ತದೆ.

ಅಂತೂ ಇಪ್ಪತ್ತು ವರ್ಷದಲ್ಲಿ ಬೆಳ್ಳಿಯಂತಿದ್ದ ಬಾಗಿಲು ಹಳೆಯ ಜರ್ಮನ್ ಭಾಂಡೆಯ ಬಣ್ಣಕ್ಕೆ ಬಂತು. ಉತ್ತರ ಕರ್ನಾಟಕದ ಅಡಿಗೆಮನೆಯಲ್ಲಿ ಅಲ್ಯುಮಿನಿಯಂ ಪಾತ್ರೆಗೆ ಜರ್ಮನ್ ಎನ್ನುವ ಹೆಸರು ಹೇಗೋ ಅಂಟಿಕೊಂಡಿದೆ. ಹಾಗೆ ನೋಡಿದರೆ ಈ ದೇಶದಲ್ಲಿ ಆ ಪಾತ್ರೆಗಳ ಉದ್ಯಮಕ್ಕೆ ದಾರಿ ಮಾಡಿದವರು ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷಿನವರು. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆ ಬಡಿಯುವುದನ್ನು ಶುರು ಮಾಡಿಸಿ, ಮುಂದೆ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಮುಖ್ಯಸ್ಥರಾಗಿ ಬಂದವರು. ಪಾತ್ರೆಗೆ ಬಣ್ಣದ ಮಾತೇ ಇರಲಿಲ್ಲ, ಬೂದಿ ಹಾಕಿ ತಿಕ್ಕಿದರೆ ಮುಗಿಯಿತು. ಬಾಗಿಲು ಹಾಗಲ್ಲ, ಬಂದವರ ಕಣ್ಣಿಗೆ ಬೀಳುತ್ತದೆ. 2022ರ ದೀಪಾವಳಿಗೆ ಮಗ, ಸೊಸೆ ಹೈದರಾಬಾದಿನಿಂದ ಬರುವವರಿದ್ದರು. ಬಾಗಿಲಿಗೆ ಗಂಧದ ಬಣ್ಣ ಹಚ್ಚಿಸಬೇಕೆಂದು ಅವರು ನಿರ್ಧರಿಸಿದರು.

ಪೇಂಟರು ಸಿಂದಗಿ ಕಡೆಯವನು. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ, ಬಣ್ಣದ ಕೆಲಸಕ್ಕೆ ಪುಣೆಗೆ ಬಂದು ನಿಂತವರು ಬಹಳ. ಹಿಂಜವಡಿ, ವಾಕಡ ಕಡೆ ಏಳುತ್ತಿರುವ ಕಟ್ಟಡಗಳ ಕೆಳಗೆ ನಿಂತು ಕಿವಿಗೊಟ್ಟರೆ ಸಾಕು, ಕನ್ನಡ ಕೇಳುತ್ತದೆ. ಸೊಸೈಟಿಯ ವಾಚ್‌ಮನ್ ಕರೆತಂದ ಈತ "ನಮಸ್ಕಾರ್ರಿ ಅಕ್ಕಾರ" ಅಂದಾಗಲೇ ಅವರಿಗೆ ಅರ್ಧ ವಿಶ್ವಾಸ ಬಂದಿತ್ತು. ದರ ಸ್ಕ್ವೇರ್ ಫೂಟಿಗೆ 15 ರೂಪಾಯಿ, ಸಾಮಾನು ಅವರದು.

ಮುಂದೆ ಆಡಿದ ಮಾತನ್ನು ಅವರು ಬಹಳ ದಿನ ಮರೆತೇಬಿಟ್ಟಿದ್ದರು.

ಅದು ನೆನಪಾದದ್ದು ಒಂದೂವರೆ ವರ್ಷದ ಮೇಲೆ, 2024ರ ಮಾರ್ಚಿನಲ್ಲಿ, ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ. ಮೊಮ್ಮಗಳಿಗೆ ಆಗ ಹನ್ನೊಂದು ತಿಂಗಳು. ಸೊಸೆ ಕೆಲಸಕ್ಕೆ ಮರಳುವವಳಿದ್ದಳು, ಮಗುವನ್ನು ಕರೆದುಕೊಂಡು ಬಂದು ಮೂರು ತಿಂಗಳು ಪುಣೆಯಲ್ಲಿ ಇರುವುದೆಂದು ಮಾತಾಗಿತ್ತು. ಕೂಸಿನ ಸ್ನಾನಕ್ಕೆ ನೀರು ತೋಡಿಡಲು ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಿದರು. ಜೊತೆಗೆ ಅತ್ತೆಯ ಕಾಲದ ಎರಡು ಹಿತ್ತಾಳೆ ಪಾತೇಲಿ, ಒಳಗಿನ ಕಲಾಯಿ ಪೂರಾ ಹೋಗಿತ್ತು. ತಾಂಬಟ್ ಆಳಿ ಪೇಶ್ವೆಗಳ ಕಾಲದಿಂದ ತಾಮ್ರ ಬಡಿಯುವವರ ಓಣಿ. ಈಗ ಮನೆಗಳು ಕಡಿಮೆಯಾಗಿವೆ, ಆದರೂ ಓಣಿ ಹೊಕ್ಕರೆ ಸುತ್ತಿಗೆಯ ಸಪ್ಪಳವೇ ದಾರಿ ತೋರಿಸುತ್ತದೆ. ಹಂಡೆಯ ಮೈಮೇಲೆ ಒಂದರ ಪಕ್ಕ ಒಂದು ಕೂಡಿಸಿದ ಸುತ್ತಿಗೆಯ ಗುರುತಿಗೆ ಅವರು ಮಠಾರ್‌ಕಾಮ ಎನ್ನುತ್ತಾರೆ.

ಕಲಾಯಿಯವನು ಪಾತೇಲಿ ತಿರುವಿ ನೋಡಿ, ತಳಕ್ಕೆ ಜಿಡ್ಡು ಕಟ್ಟಿದೆ, ಇದನ್ನು ಸ್ವಚ್ಛ ಮಾಡಲಿಕ್ಕೇ ಅರ್ಧ ದಿನ ಹಿಡಿಯುತ್ತದೆ, ನಾಳೆ ಬನ್ನಿ ಎಂದು ಮರಾಠಿಯಲ್ಲಿ ಹೇಳಿದ. ಹಾಗೇ ಕಲಾಯಿ ಹಾಕಿದರೆ ಆಗುವುದಿಲ್ಲವೇ ಎಂದು ಯಾರೂ ಕಲಾಯಿಯವನನ್ನು ಕೇಳುವುದಿಲ್ಲ. ಅವರೂ ಕೇಳಲಿಲ್ಲ. ಧಾರವಾಡದ ಓಣಿಯಲ್ಲಿ ಅವರು ಸಣ್ಣವರಿದ್ದಾಗ ಕಲಾಯಿಗಾರ ಬಂದು ಬಾವಿಯ ಕಟ್ಟೆಯ ಪಕ್ಕ ಕುಣಿ ತೋಡಿ ಇದ್ದಿಲು ತುಂಬುತ್ತಿದ್ದ. ತಿದಿ ಒತ್ತಲಿಕ್ಕೆ ಮಕ್ಕಳಲ್ಲಿ ಪೈಪೋಟಿ. ಕಲಾಯಿಗಾರನ ಮಗ ಪಾತ್ರೆಯೊಳಗೆ ಉಸುಕು, ಹರಕು ಅರಿವೆ ಹಾಕಿ, ಅದರ ಮೇಲೆ ಬರಿಗಾಲಲ್ಲಿ ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸುತ್ತ ಗಿರಗಿರ ಸುತ್ತುತ್ತಿದ್ದ. ನೋಡುವವರಿಗೆ ಕುಣಿತ. ತಾಮ್ರ ಗುಲಾಬಿ ಬಣ್ಣಕ್ಕೆ ತಿರುಗುವ ತನಕ ಆ ಕುಣಿತ ನಿಲ್ಲುತ್ತಿರಲಿಲ್ಲ. ಆಮೇಲೆ ಬೆಂಕಿ, ಕಾದ ಪಾತ್ರೆಗೆ ಚಿಟಿಕೆ ನವಸಾಗರ, ಮೂಗು ಸುಡುವ ಬಿಳಿ ಹೊಗೆ, ತವರದ ಕಡ್ಡಿ ಎರಡು ಕಡೆ ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿ ಹರಿದಂತೆ. ಅದು ಅರ್ಧ ನಿಮಿಷದ ಆಟ. ಆ ಹೊಗೆಯದೂ ಸ್ವಚ್ಛ ಮಾಡುವ ಕೆಲಸವೇ: ಕಾದಾಗ ನವಸಾಗರ ಬಿಡುವ ಆಮ್ಲ ತಾಮ್ರದ ಮೇಲಿನ ಕಣ್ಣಿಗೆ ಕಾಣದ ಆಕ್ಸೈಡನ್ನು ತೆಗೆಯುತ್ತದೆ, ತೆಗೆದ ಕ್ಷಣದಲ್ಲೇ ತವರ ಅಲ್ಲಿ ಕೂರುತ್ತದೆ.

ತಾಂಬಟ್ ಆಳಿಯಿಂದ ರವಿವಾರ ಪೇಟೆಯ ಬೋಹರಿ ಆಳಿ ದೂರವಿಲ್ಲ. ಬಣ್ಣ, ಹಾರ್ಡ್‌ವೇರು, ಕೆಮಿಕಲ್ಲು ಎಲ್ಲ ಅಲ್ಲಿ ಸಿಗುತ್ತದೆ. ಬಂದದ್ದೇ ಬಂದೆ ಎಂದು ಅವರು ಒಂದು ಬಣ್ಣದ ಅಂಗಡಿಯಲ್ಲಿ ಅಲ್ಯುಮಿನಿಯಂ ಬಾಗಿಲಿನ ಸಂಗತಿ ಹೇಳಿ ಯಾವ ಬಣ್ಣ ನಿಂತೀತು ಎಂದು ಕೇಳಿದರು. ಅಂಗಡಿಯಾತ ಬಣ್ಣದ ಮಾತನ್ನೇ ತೆಗೆಯಲಿಲ್ಲ. ಹಚ್ಚುವ ಮೊದಲು ಉಜ್ಜಿದ್ದರೇ, ಕೆಳಗೆ ಏನು ಹಚ್ಚಿದ್ದರು, ಎಂದು ಕೇಳಿದ.

ಆಗ ನೆನಪಾಯಿತು. ದೀಪಾವಳಿಗೆ ಎರಡು ದಿನ ಮೊದಲು ಆತ ಬಾಗಿಲ ಮುಂದೆ ಪಾಲಿಶ್ ಪೇಪರ್ ಹಿಡಿದು ನಿಂತು, "ಇದನ್ನ ಚಲೋತ್ನಂಗ ಉಜ್ಜಿ ಬ್ಯಾರೆ ಪ್ರೈಮರ್ ಹಚ್ಚಬೇಕಾಗ್ತದ್ರಿ ಅಕ್ಕಾರ. ಎರಡು ದಿನ ಹಿಡೀತದ" ಎಂದಿದ್ದ. ಅವರು ಅಂದದ್ದು: "ಉಜ್ಜೂದು ಪಜ್ಜೂದು ಬ್ಯಾಡಪಾ, ಮನಿ ತುಂಬ ಧೂಳ ಆಗ್ತದ. ನಾಡದು ಹಬ್ಬ. ಸೀದಾ ಎರಡು ಕೋಟ್ ಹೊಡದುಬಿಡು." ಆತ ಒಂದು ಸಲ ಬಾಗಿಲನ್ನು, ಒಂದು ಸಲ ಅವರನ್ನು ನೋಡಿ ಬ್ರಷ್ ಎತ್ತಿಕೊಂಡಿದ್ದ.

ಕಬ್ಬಿಣದ ತಪ್ಪು ಎದುರಿಗೆ ಕಾಣುತ್ತದೆ. ತುಕ್ಕು ಕೆಂಪಗೆ ಎದ್ದು ನಿಂತಿರುವಾಗ ಅದನ್ನು ಕೆರೆಯದೆ ಬಣ್ಣ ಹಚ್ಚು ಎಂದು ಯಾರೂ ಹೇಳುವುದಿಲ್ಲ. ಅಲ್ಯುಮಿನಿಯಂ ಮೋಸ ಮಾಡುವುದು ಅದು ಸ್ವಚ್ಛವಾಗಿ ಕಾಣುವುದರಿಂದ. ಗಾಳಿ ತಾಗಿದ ಕ್ಷಣದಲ್ಲೇ ಅದರ ಮೈಮೇಲೆ ಆಕ್ಸೈಡಿನ ಪೊರೆಯೊಂದು ಮೂಡುತ್ತದೆ. ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ನಾಲ್ಕೈದು ಭಾಗದಷ್ಟು ತೆಳು. ಒಳಗಿನ ಲೋಹವನ್ನು ಕಾಯುವುದು ಅದೇ, ಹಾಗಾಗಿ ತುಕ್ಕಿಲ್ಲ. ಆದರೆ ಆಯಿಲ್ ಪೇಂಟಿಗೆ ಕಾಲೂರಲು ಅಲ್ಲಿ ಎಲ್ಲೂ ತರಿ ಇಲ್ಲ. ಅದರ ಮೇಲೆ ಸಾಬೂನಿನ ಜಿಡ್ಡು, ಕೈಯ ಎಣ್ಣೆ, ಗಡಸು ನೀರಿನ ಸುಣ್ಣ, ಅಲ್ಲಲ್ಲಿ ಲೋಹವೇ ಸವೆದು ಎದ್ದ ಬಿಳಿ ಪುಡಿ. ಬಣ್ಣ ಹಿಡಿದುಕೊಂಡದ್ದು ಇವನ್ನು, ಬಾಗಿಲನ್ನಲ್ಲ. ಸಾಲದ್ದಕ್ಕೆ ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ದಿನಾ ಬೆಳಿಗ್ಗೆ ಬಚ್ಚಲಿನ ಹಬೆಗೆ ಬಾಗಿಲು ಹಿಗ್ಗಿ ಕುಗ್ಗುವಾಗ ಸಡಿಲ ಬಣ್ಣ ಎಷ್ಟು ದಿನ ಜೊತೆ ಕೊಟ್ಟೀತು.

ಕಾರ್ಖಾನೆಯಲ್ಲಿ ಇದಕ್ಕೆ ಬೇರೆ ದಾರಿಗಳಿವೆ. ವಿದ್ಯುತ್ ಹಾಯಿಸಿ ಆ ಆಕ್ಸೈಡನ್ನೇ ಸಾವಿರಾರು ಪಟ್ಟು ದಪ್ಪ ಮಾಡುವುದು ಅನೋಡೈಸಿಂಗ್. ಪುಡಿ ಬಣ್ಣ ಸಿಂಪಡಿಸಿ 200 ಡಿಗ್ರಿಯ ಸುತ್ತಮುತ್ತ ಒಲೆಯಲ್ಲಿ ಬೇಯಿಸುವುದು ಪೌಡರ್ ಕೋಟಿಂಗ್. ಕೂಡಿಸಿದ ಬಾಗಿಲಿಗೆ ಮನೆಯಲ್ಲಿ ಇವೆರಡೂ ಆಗದ ಮಾತು. ಮನೆಗೆ ಉಳಿಯುವುದು ಕೈ, ಪಾಲಿಶ್ ಪೇಪರು, ಮತ್ತು ವಾಶ್ ಪ್ರೈಮರ್ ಎಂಬ ತೆಳ್ಳನೆಯ ಒಂದು ದ್ರವ.

ಫೋನಿನಲ್ಲಿ "ಪೇಂಟರ್ ಸಿಂದಗಿ" ಎಂಬ ಹೆಸರಿನ ನಂಬರು ಇನ್ನೂ ಇತ್ತು. ಮಾಡಲೋ ಬೇಡವೋ ಎಂದು ಅವರಿಗೆ ಎರಡು ದಿನ ಹಿಡಿಯಿತು. ಬೇರೆ ಪೇಂಟರನ್ನು ಕರೆಯುವುದು ಸುಲಭವಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಮಾಡಿದರು. ಆತನಿಗೆ ದನಿಯಿಂದಲೇ ಗುರುತು ಸಿಕ್ಕಿತು. "ಹೇಳ್ರಿ ಅಕ್ಕಾರ" ಎಂದಷ್ಟೇ ಅಂದ. ಬಾಗಿಲಿನ ಕೆಲಸ ಇದೆ, ಈ ಸಲ ನೀ ಹೇಳಿದಂಗ, ಎಂದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಗುಡಿಪಾಡ್ವಾಕ್ಕೆ ಊರಿಗೆ ಹೋದವರು ಮರಳುವ ತನಕ ಸೈಟು ಬಂದ್ ಇರುತ್ತದೆ, ಪಾಡ್ವಾ ಮರುದಿನ ಬರುತ್ತೇನೆ ಎಂದ.

ಬಂದವನಿಗೆ ಚಹಾ ಕೊಡುವ ಮೊದಲು ಅವರು 1,500 ರೂಪಾಯಿ ಟೇಬಲ್ಲಿನ ಮೇಲೆ ಇಟ್ಟರು. "ಇದು ಹಿಂದಿನದು. ತಪ್ಪು ನಂದಿತ್ತು." ಆತ ಎಣಿಸದೆ ಕಿಸೆಗಿಟ್ಟುಕೊಂಡ. ಬೇಡ ಎನ್ನಲಿಲ್ಲ, ಥ್ಯಾಂಕ್ಸ್ ಎನ್ನಲೂ ಇಲ್ಲ. ಅವರು ಅಂದುಕೊಂಡಿದ್ದಂಥ ಹಗುರ ಏನೂ ಆಗಲಿಲ್ಲ. ಒಂದೂವರೆ ವರ್ಷ ತಡೆದು ಕೊಟ್ಟ ಕೂಲಿ, ಅಷ್ಟೇ. ಆತ ಸ್ಕ್ರೂಡ್ರೈವರ್ ತೆಗೆದು ಬಾಗಿಲ ಬಿಜಾಗರಿ ಬಿಚ್ಚತೊಡಗಿದ.

ಬಾಗಿಲುಗಳು ಟೆರೇಸಿಗೆ ಹೋದವು, ನೀರಿನ ಟ್ಯಾಂಕಿನ ನೆರಳಿಗೆ. ಏಪ್ರಿಲ್ ಬಿಸಿಲಿನಲ್ಲಿ ಕಾದ ಲೋಹದ ಮೇಲೆ ಹಚ್ಚಿದ್ದು ಹರಡುವ ಮೊದಲೇ ಒಣಗುತ್ತದೆ. ಹಳೆಯ ಬಣ್ಣ ಕೆರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಬೀಳಲು ಅದು ತಯಾರಿಯೇ ಇತ್ತು. ಆಮೇಲೆ ಸಾಬೂನು ನೀರು, ಆಮೇಲೆ ಥಿನ್ನರಿನಲ್ಲಿ ಅದ್ದಿದ ಅರಿವೆ, ಆಮೇಲೆ ಉಜ್ಜುವುದು. ತಂತಿಯ ಬ್ರಷ್ಷಾಗಲಿ ಸ್ಟೀಲಿನ ತಂತಿಯ ಜೂಲಾಗಲಿ ಆತ ಮುಟ್ಟಲಿಲ್ಲ. ಕಬ್ಬಿಣದ ಚೂರು ಅಲ್ಯುಮಿನಿಯಮಿನಲ್ಲಿ ಸಿಕ್ಕಿಕೊಂಡರೆ ಮುಂದೆ ಅಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ಪಾತ್ರೆ ತಿಕ್ಕುವ ಹಸಿರು ಜಾಳಿಗೆ, ಸಣ್ಣ ತರಿಯ ಪೇಪರು, ಇಷ್ಟೇ. ಮೂಲೆಗಳಲ್ಲಿ, ಪಟ್ಟಿ ಕೂಡುವ ಸಂದಿಗಳಲ್ಲಿ, ಬೆರಳಿಗೆ ಪೇಪರು ಸುತ್ತಿ. ಮೂರು ಬಾಗಿಲು, ಎರಡೂ ಮಗ್ಗಲು. ಒಂದೊಂದು ಮಗ್ಗಲು ಆರೂವರೆ ಫೂಟು ಎತ್ತರ, ಎರಡೂವರೆ ಅಗಲ. ಒಟ್ಟು ತೊಂಬತ್ತೆಂಟು ಸ್ಕ್ವೇರ್ ಫೂಟಿಗೆ ಒಂದು ಕೂದಲೆಳೆ ಕಡಿಮೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಮಾಡಿದವರು ಅಲ್ಲೇ ನಿಂತು ಮನಸ್ಸಿನಲ್ಲಿ ಗುಣಿಸಿದರು. 15 ರೂಪಾಯಿಯಂತೆ 1,462. ತಾವು ತಡೆಹಿಡಿದದ್ದು ಬಾಗಿಲುಗಳ ಪೂರ್ತಿ ಕೂಲಿ. ಅದರಲ್ಲೂ ಆ ದರ ಬಣ್ಣ ಹಚ್ಚುವುದಕ್ಕೆ. ಅರ್ಧ ದಿನದಲ್ಲಿ ಹಚ್ಚಿ ಮುಗಿಸಿದರೂ ಅಷ್ಟೇ, ಎರಡು ದಿನ ಉಜ್ಜಿ ಹಚ್ಚಿದರೂ ಅಷ್ಟೇ. ಸ್ಕ್ವೇರ್ ಫೂಟಿನ ದರವೆಂದರೆ ಉಜ್ಜಿದವನಿಗೆ ಹಾಕುವ ದಂಡ. ಈ ಊರಿನಲ್ಲಿ ಎಷ್ಟು ಬಾಗಿಲಿನ ಬಣ್ಣ ಉದುರಿದೆಯೋ ಅಷ್ಟಕ್ಕೂ ಪೇಂಟರನ್ನೇ ಬೈದವರಿದ್ದಾರೆ. ದರದ ಕಡೆ ನೋಡಿದವರು ಕಡಿಮೆ.

ಸಂಜೆ ಹೊತ್ತಿಗೆ ಆತ ಒಂದು ಚೊಂಬು ನೀರು ತಂದು ಬಾಗಿಲ ಮೇಲೆ ಸುರಿದ. "ನೋಡ್ರಿ" ಎಂದ. ಎರಡು ಬಾಗಿಲ ಮೇಲೆ ನೀರು ಹಾಳೆಯಂತೆ ಹರಡಿ ಇಳಿಯಿತು. ಮೂರನೆಯದರ ಚಿಲಕದ ಬಳಿ ಅಂಗೈಯಗಲ ಜಾಗದಲ್ಲಿ ಮಾತ್ರ ಒಡೆದು ಹನಿಹನಿಯಾಗಿ ನಿಂತಿತು, ಕೆಸುವಿನ ಎಲೆಯ ಮೇಲೆ ನಿಂತಂತೆ. ಇಪ್ಪತ್ತು ವರ್ಷ ಮನೆಯವರೆಲ್ಲ ಕೈಯಿಟ್ಟು ತಳ್ಳಿದ ಜಾಗ ಅದು. "ಇಲ್ಲಿ ಇನ್ನೂ ಜಿಡ್ಡೈತ್ರಿ" ಎಂದು ಮತ್ತೆ ಥಿನ್ನರ್ ಅರಿವೆ ಎತ್ತಿಕೊಂಡ. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರು. ಭೋಸರಿಯಲ್ಲಿ, ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ, ಹುಡುಗನಿದ್ದಾಗ ನಾಲ್ಕು ವರ್ಷ. ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳ ಮೈಯೂ ಬಹಳ ವರ್ಷ ಅಲ್ಯುಮಿನಿಯಂ ತಗಡಿನದೇ ಇತ್ತು, ದಾಪೋಡಿಯ ವರ್ಕ್‌ಶಾಪಿನಲ್ಲಿ ಕಟ್ಟಿದ್ದು. ಆ ಕೆಂಪು ಬಣ್ಣ ಮಳೆ, ಬಿಸಿಲು, ಘಟ್ಟ ಎಲ್ಲ ಕಂಡೂ ನಿಂತಿರುತ್ತಿತ್ತಲ್ಲ, ಅದಕ್ಕೆ ಕಾರಣ ಅಡಿಯಲ್ಲಿತ್ತು.

ವಾಶ್ ಪ್ರೈಮರ್ ಎರಡು ಡಬ್ಬಿಯಲ್ಲಿ ಬರುತ್ತದೆ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಫಾಸ್ಫಾರಿಕ್ ಆಮ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಯುದ್ಧನೌಕೆಗಳಿಗೆಂದು ಮಾಡಿಕೊಂಡ ಯುಕ್ತಿ. ಎರಡನ್ನೂ ಕೂಡಿಸಿದರೆ ಕೆಲವು ಗಂಟೆಯೊಳಗೆ ಹಚ್ಚಿ ಮುಗಿಸಬೇಕು, ಉಳಿದದ್ದು ಕೆಲಸಕ್ಕೆ ಬರುವುದಿಲ್ಲ. ಆಮ್ಲ ಲೋಹದ ಮೈಯನ್ನು ಸ್ವಲ್ಪವೇ ಕಚ್ಚಿ ಒರಟು ಮಾಡುತ್ತದೆ, ಅಲ್ಲೇ ಫಾಸ್ಫೇಟಿನ ಪದರ ಕಟ್ಟುತ್ತದೆ, ರಾಳ ಅದನ್ನು ಹಿಡಿದುಕೊಳ್ಳುತ್ತದೆ. ನವಸಾಗರದ ಕೆಲಸವೇ, ಬೆಂಕಿಯಿಲ್ಲದೆ. ಇದರ ಹಳದಿ ಬಗೆಯಲ್ಲಿ ಸತುವಿನ ಕ್ರೋಮೇಟ್ ಇರುತ್ತದೆ, ಅದು ಕ್ಯಾನ್ಸರ್ ತರುವಂಥದ್ದು. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ಕ್ರೋಮೇಟ್ ಇಲ್ಲದ್ದನ್ನು ಬೋಹರಿ ಆಳಿಯಿಂದ ತಂದದ್ದು ಅವರೇ. ರಬ್ಬರಿನ ಕೈಚೀಲವನ್ನೂ ಮಾಸ್ಕನ್ನೂ ತಂದಿದ್ದರು. ಆತ ಮಾಸ್ಕನ್ನು ಕಟ್ಟಿಕೊಂಡ, ಕೈಚೀಲವನ್ನು ಹತ್ತು ನಿಮಿಷಕ್ಕೆ ಬಿಚ್ಚಿಟ್ಟ. ಬ್ರಷ್ಷಿನ ಮೇಲೆ ಹಿಡಿತ ಸಿಗುವುದಿಲ್ಲವಂತೆ.

ಮರುದಿನ ಮುಂಜಾನೆ ಆತ ಅದನ್ನು ಹಚ್ಚಿದ್ದು ನೋಡಿದರೆ ಯಾವ ಮನೆಯವರಿಗಾದರೂ ಸಿಟ್ಟು ಬರಬೇಕು. ಅಷ್ಟು ತೆಳು. ಕೆಳಗಿನ ಲೋಹ ಹಾಗೇ ಕಾಣುತ್ತಿತ್ತು, ಮಜ್ಜಿಗೆಗೆ ನೀರು ಹಾಕಿ ಹಾಕಿ ಸವರಿದಂತೆ. "ಇನ್ನೊಂದು ಕೈ" ಎನ್ನುವ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತು. ಆತ ನೋಡಿ ನಕ್ಕ. "ದಪ್ಪ ಹಚ್ಚಿದ್ರ ಇದೂ ಎದ್ದು ಬರ್ತದ್ರಿ ಅಕ್ಕಾರ. ಇದು ಕಂಡೂ ಕಾಣದಂಗ ಇರಬೇಕು." ದಪ್ಪವಾದಷ್ಟೂ ಗಟ್ಟಿ ಎನ್ನುವುದು ಇದಕ್ಕೆ ಒಪ್ಪುವುದಿಲ್ಲ. ಹೆಚ್ಚಾದ ಆಮ್ಲ ಪದರದೊಳಗೇ ಉಳಿದು ಅದು ಮಧ್ಯಕ್ಕೇ ಸೀಳುತ್ತದೆ. ಅವರು ಸುಮ್ಮನಾದರು. ಮಧ್ಯಾಹ್ನ ಬೂದು ಬಣ್ಣದ ಲೋಹದ ಪ್ರೈಮರ್, ಮೂರನೆಯ ದಿನ ಗಂಧದ ಬಣ್ಣದ ಒಂದು ಕೋಟು, ನಾಲ್ಕನೆಯ ದಿನ ಸೈಟಿಗೆ ಹೋಗುವ ಮೊದಲು ಬಂದು ಎರಡನೆಯದು. ಅಂಗಡಿಗಳಲ್ಲಿ ಲೋಹ ಎಂದ ಕೂಡಲೇ ಕೈಗಿಡುವ ಕೆಂಪು ರೆಡ್ ಆಕ್ಸೈಡ್ ಇಲ್ಲಿ ಬೇಕಿರಲಿಲ್ಲ, ಅದು ಕಬ್ಬಿಣದ್ದು. ಹಾಗೆಯೇ ಬಾಲ್ಕನಿಯ ಜಿಐ ಪೈಪಿಗೆ ನೇರ ಆಯಿಲ್ ಪೇಂಟ್ ಹೊಡೆಯಲು ಆತ ಒಪ್ಪಲಿಲ್ಲ. ಪೈಪಿನ ಮೇಲಿನ ಸತು ಆ ಬಣ್ಣದ ಎಣ್ಣೆಯೊಡನೆ ಕೂಡಿ ಸಾಬೂನಿನಂಥ ಪದರ ಕಟ್ಟುತ್ತದೆ, ಅದರ ಮೇಲೆ ಬಣ್ಣ ಜಾರುತ್ತದೆ. ಆತ ಹೇಳಿದ್ದು ಇಷ್ಟೇ: "ಜಿಐಗೆ ಎಣ್ಣೆ ಬಣ್ಣ ಒಗ್ಗೂದಿಲ್ರಿ."

ಬಾಗಿಲಿಗಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಬಾಲ್ಕನಿಯ ಗ್ರಿಲ್ಲು. ಅದು ಕಬ್ಬಿಣದ್ದು, ಮನೆಯಷ್ಟೇ ಹಳೆಯದು. ಮೇಲಿನ ಕಂದು ಬಣ್ಣ ಚಕ್ಕೆಯಾಗಿ ಏಳುತ್ತಿತ್ತು, ಅದರ ಕೆಳಗೆ ಹಸಿರು, ಅದರ ಕೆಳಗೆ ಹಳದಿ ಛಾಯೆಯ ಇನ್ನೊಂದು ಹಸಿರು. ಅಂಬೆಗಾಲಿಡುವ ಕೂಸು ಎದ್ದು ನಿಲ್ಲಲು ಹಿಡಿಯುವುದು ಇದನ್ನೇ, ಹಲ್ಲು ಬರುವ ಕಾಲಕ್ಕೆ ಕಚ್ಚುವುದೂ ಇದನ್ನೇ. ಹಳೆಯ ಹಸಿರು, ಹಳದಿ ಆಯಿಲ್ ಪೇಂಟುಗಳ ಹೊಳಪು ಬಹುಮಟ್ಟಿಗೆ ಸೀಸದ ಕ್ರೋಮೇಟಿನಿಂದ ಬರುತ್ತಿತ್ತು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರಕಾರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣ ಈ ದೇಶದ ಲಕ್ಷಾಂತರ ಗ್ರಿಲ್ಲು, ಗೇಟು, ಶಾಲೆಯ ಕಿಟಕಿ, ಜಾರುಬಂಡಿಗಳ ಮೇಲೆ ಹಾಗೆಯೇ ಕೂತಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ ದಶಕಗಳ ಕಾಲ ಕೂಗಿ ಹೇಳಿದವರು. ಪೆಟ್ರೋಲಿನ ಸೀಸ 2000ದಲ್ಲಿ ಹೋಯಿತು, ಬಣ್ಣದ್ದಕ್ಕೆ ಇನ್ನೂ ಹದಿನೇಳು ವರ್ಷ ಬೇಕಾಯಿತು. ಸೀಸ ಬೆಳೆಯುವ ಮಿದುಳನ್ನು ಕೆಡಿಸುತ್ತದೆ, ಮತ್ತು ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವ ಪ್ರಮಾಣ ಮಕ್ಕಳಲ್ಲಿ ಇಲ್ಲ.

ಇಲ್ಲಿ ಉಜ್ಜುವುದೇ ಅಪಾಯ. ಒಣ ಪೇಪರಿನಿಂದ ತಿಕ್ಕಿದರೆ ಮೂವತ್ತು ವರ್ಷದ ಸೀಸ ಧೂಳಾಗಿ ಮನೆ ತುಂಬುತ್ತದೆ, ಬೆಂಕಿಯಿಂದ ಸುಟ್ಟು ತೆಗೆದರೆ ಇನ್ನೂ ಕೆಟ್ಟದ್ದು. ಹಾಗೆಂದು ಚಕ್ಕೆ ಎದ್ದದ್ದರ ಮೇಲೆ ಹಚ್ಚಿದರೆ ಮತ್ತೆ ಮೊದಲಿನ ಕಥೆ. ಅವರು ಪರೀಕ್ಷೆಗೆ ಕಳಿಸುತ್ತ ಕೂರಲಿಲ್ಲ, ಇದೆ ಎಂದೇ ಹಿಡಿದರು. ಕೂಸು ಬರುವ ಹತ್ತು ದಿನ ಮುಂಚೆ, ಒಂದು ರವಿವಾರ, ಬಾಲ್ಕನಿಯ ಬಾಗಿಲು ಮುಚ್ಚಿ ಸಂದಿಗೆ ಟೇಪು ಹಚ್ಚಿ, ನೆಲಕ್ಕೆ ಪ್ಲಾಸ್ಟಿಕ್ಕು ಹಾಸಿ, ನೀರು ಪೇಪರಿನಿಂದ ಒದ್ದೆ ಮಾಡಿ ಮಾಡಿ ಉಜ್ಜಿದ್ದು. ಹಸಿರು ರಾಡಿಯನ್ನು ಪೇಪರಿನಲ್ಲಿ ಒರೆಸಿ ಚೀಲಕ್ಕೆ ತುಂಬಿದ. ನೆಲವನ್ನು ಅವರೇ ಮೂರು ಸಲ ಒರೆಸಿದರು, ಕಸಬರಿಗೆ ಮುಟ್ಟಲಿಲ್ಲ.

ಕೆಲಸ ಮುಗಿದ ಮೇಲೆ ಈ ಅಂಗಿಯಲ್ಲೇ ಮನೆಗೆ ಹೋಗಬೇಡ, ಇಲ್ಲೇ ಕೈಕಾಲು ತೊಳೆದು ಬೇರೆ ಹಾಕ್ಕೊ ಎಂದರು. ಯಾಕೆ ಎಂದು ಕೇಳಿದ. ಹೇಳಿದರು. ಆತ ಸ್ವಲ್ಪ ಹೊತ್ತು ಗ್ರಿಲ್ಲನ್ನೇ ನೋಡಿದ. "ನನ್ನ ಮಗಳು ನಾಲ್ಕು ವರ್ಷದಾಕಿ ಅದಾಳ್ರಿ. ನಾ ಹೋದಕೂಡ್ಲೆ ಬಂದು ಕಾಲಿಗೆ ಬೀಳ್ತಾಳ" ಎಂದ. ಎಷ್ಟು ಗೇಟು, ಎಷ್ಟು ಗ್ರಿಲ್ಲು ಆತ ಇದುವರೆಗೆ ಒಣಗೇ ಉಜ್ಜಿದ್ದಾನೆ ಎಂದು ಅವರು ಕೇಳಲಿಲ್ಲ. ಆತನೇ ಲೆಕ್ಕ ಹಾಕುತ್ತಿದ್ದಂತೆ ಕಂಡಿತು. ಅವರ ಗಂಡನ ಹಳೆಯ ಒಂದು ಅಂಗಿ ಕಪಾಟಿನಲ್ಲಿತ್ತು, ಕೊಟ್ಟರು. ಬಣ್ಣದ ಅಂಗಿಯನ್ನು ಕವರಿನಲ್ಲಿ ಕಟ್ಟಿಕೊಂಡು ಹೋದ, ಬೇರೆಯಾಗಿ ಒಗೆಸುತ್ತೇನೆಂದು.

ದುಡ್ಡಿನ ಮಾತು ಬಂದಾಗ ಸ್ಕ್ವೇರ್ ಫೂಟು ಬೇಡ ಎಂದರು. ನೋಟ್‌ಬುಕ್ಕಿನ ಹಾಳೆಯಲ್ಲಿ ಅವರೇ ಬರೆದರು: ಬಾಗಿಲು ಬಿಚ್ಚಿದ್ದು, ಕೆರೆದದ್ದು, ಉಜ್ಜಿದ್ದು, ತೊಳೆದದ್ದು, ಒಂದೂವರೆ ದಿನ. ಪ್ರೈಮರ್, ಒಂದು ದಿನ. ಬಣ್ಣ, ಒಂದು ದಿನ. ಗ್ರಿಲ್ಲು, ಒಂದು ದಿನ. ದಿನಕ್ಕೆ ಆತನ ಸೈಟಿನ ಪಗಾರ ಎಷ್ಟೋ ಅಷ್ಟು. ಹಿಂದಿನ ಸಲದ ಇಡೀ ಮನೆಯ ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಹೋಗುವಷ್ಟಾಯಿತು, ಬರೀ ಮೂರು ಬಾಗಿಲು ಒಂದು ಗ್ರಿಲ್ಲಿಗೆ. ಆತ ಆ ಹಾಳೆಯ ಫೋಟೋ ತೆಗೆದುಕೊಂಡ.

ಮಳೆಗಾಲ ಬಂತು. ಜುಲೈ ಕೊನೆಗೆ ಆ ಸಲ ಖಡಕವಾಸಲಾದಿಂದ ನೀರು ಬಿಟ್ಟು ನದಿ ದಂಡೆಯ ಸೊಸೈಟಿಗಳಿಗೆಲ್ಲ ನುಗ್ಗಿತ್ತು. ಇವರ ಮನೆಯಲ್ಲಿ ವಾರಗಟ್ಟಲೆ ಗೋಡೆಯೂ ಒಣಗಲಿಲ್ಲ. ಚಿಲಕದ ಕೆಳಗೆ ಅವರು ದಿನಾ ಬೆರಳಾಡಿಸಿ ನೋಡುತ್ತಿದ್ದರು. ಒಮ್ಮೆ ಬಾಗಿಲ ಹಿಂದಿನ ಮೂಲೆಯಲ್ಲಿ ಬ್ಲೇಡಿನಿಂದ ಸಣ್ಣ ಚೌಕಳಿ ಗೀರಿ, ಸೆಲೋಟೇಪು ಒತ್ತಿ, ಸರಕ್ಕನೆ ಕಿತ್ತರು. ಬಣ್ಣದ ಪರೀಕ್ಷೆಯನ್ನು ಹೀಗೇ ಮಾಡುತ್ತಾರೆಂದು ಆತನೇ ಹೇಳಿಕೊಟ್ಟಿದ್ದ. ಟೇಪಿಗೆ ಏನೂ ಬರಲಿಲ್ಲ.

ಬಾಗಿಲು ನೋಡಿ ಮೇಲಿನ ಮನೆಯವರು ದೀಪಾವಳಿಗೆ ಮೊದಲು ಅದೇ ಪೇಂಟರ ನಂಬರು ಕೇಳಿದರು. ಅವರಲ್ಲಿಯೂ ಮೂರು ಬಾಗಿಲು, ಇಂಥವೇ. ಆತ ಹೋಗಿ ಫೋನಿನಲ್ಲಿದ್ದ ಹಾಳೆಯ ಫೋಟೋ ತೋರಿಸಿದನಂತೆ. ಮೊದಲ ಸಾಲು ಓದಿದ ಮನೆಯವರು, ಕೆರೆಯುವುದಕ್ಕೆ, ತೊಳೆಯುವುದಕ್ಕೆ ಯಾರಾದರೂ ಪಗಾರ ಕೊಡುತ್ತಾರೆಯೇ, ನಮಗೆ ಬರೀ ಬಣ್ಣ ಸಾಕು, ಹಬ್ಬ ಹತ್ತಿರ ಬಂತು ಎಂದರಂತೆ. ಮೆಟ್ಟಿಲ ಮೇಲೆ ಸಿಕ್ಕಾಗ ಆತನೇ ಹೇಳಿದ. ನೀ ಏನಂದಿ ಎಂದು ಅವರು ಕೇಳಿದರು. ಆತ ಕೈಯಲ್ಲಿದ್ದ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ನೋಡೂಣ್ರಿ" ಎಂದು ಹತ್ತಿ ಹೋದ.

ಆ ರವಿವಾರ ಅವರು ಅಡಿಗೆಮನೆಯ ಕೆಲಸದ ನಡುವೆ ಎರಡು ಮೂರು ಸಲ ಕಿವಿಗೊಟ್ಟರು. ಮೇಲಿನಿಂದ ಉಜ್ಜುವ ಸಪ್ಪಳ ಬರಲಿಲ್ಲ. ಹನ್ನೊಂದರ ಹೊತ್ತಿಗೆ ಆಯಿಲ್ ಪೇಂಟಿನ ವಾಸನೆ ಮೆಟ್ಟಿಲಗುಂಟ ಇಳಿದು ಬಂತು.